ಇಂಗ್ಲಿಷ್ ವಾಕ್ಯದ ಕನ್ನಡ ಬೇರು

ನಮ್ಮ ಪ್ರೌಢಶಾಲೆಗಳ ಇಂಗ್ಲಿಷ್ ಉತ್ತರಪತ್ರಿಕೆಗಳ ಕಟ್ಟು ಬಿಚ್ಚಿದರೆ ಕೆಂಪು ಶಾಯಿ ಮತ್ತೆ ಮತ್ತೆ ಬೀಳುವುದು ಮೂರು ಜಾಗಗಳಲ್ಲಿ. ಮೊದಲನೆಯದು ‘ಟು’ ಹಚ್ಚಿಕೊಂಡು ಬರುವ ಕ್ರಿಯಾಪದ, ವ್ಯಾಕರಣದ ಪುಸ್ತಕಗಳು ಇನ್ಫಿನಿಟಿವ್ ಎಂದು ಕರೆಯುವ ರೂಪ. ಮಗು ‘ಐ ಟೋಲ್ಡ್ ಟು ಹಿಮ್ ಟು ಕಮ್’ ಎಂದು ಬರೆಯುತ್ತದೆ. ಎರಡನೆಯದು ಸರ್ವನಾಮ. ‘ಈಸ್ ರೈನಿಂಗ್’ ಎಂದು ಬರೆದ ಮಗುವಿನ ವಾಕ್ಯದಲ್ಲಿ ಇರಬೇಕಾದ ‘ಇಟ್’ ಇಲ್ಲ. ಮೂರನೆಯದು ‘ಬೋರ್ಡ್–ಬೋರಿಂಗ್’, ‘ಟೈರ್ಡ್–ಟೈರಿಂಗ್’ ಎಂಬಂಥ ಜೋಡಿ ಗುಣವಾಚಕ. ಪಾಠ ಬೇಸರ ತಂದಿದೆ ಎಂದು ಹೇಳಹೊರಟ ಮಗು ‘ಐ ಆ್ಯಮ್ ಬೋರಿಂಗ್’ ಎಂದು ಬರೆದು ತನ್ನನ್ನೇ ಬೇಸರದ ವ್ಯಕ್ತಿ ಮಾಡಿಕೊಂಡಿರುತ್ತದೆ.

ಈ ತಪ್ಪುಗಳು ಏಕೆ ಹುಟ್ಟುತ್ತವೆ ಎಂಬ ಪ್ರಶ್ನೆಯನ್ನು ಭದ್ರಾವತಿಯಲ್ಲಿ ನಿಂತು ನೋಡುವುದಕ್ಕೆ ಕಾರಣವಿದೆ. ಬೆಂಕಿಪುರ ಎಂಬ ಹಳೆಯ ಹೆಸರಿನ ಈ ಊರಿಗೆ 1918ರಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ ಬಂತು, 1936ರಲ್ಲಿ ಕಾಗದದ ಕಾರ್ಖಾನೆ ಸ್ಥಾಪನೆಯಾಯಿತು. ಎರಡೂ ಕಾರ್ಖಾನೆಗಳು ಕನ್ನಡಿಗರ ಜೊತೆಗೆ ತಮಿಳು, ತೆಲುಗು, ಮಲಯಾಳ, ಉರ್ದು ಮನೆಮಾತಿನ ಕುಟುಂಬಗಳನ್ನೂ ಕರೆತಂದವು. ನ್ಯೂ ಟೌನ್, ಪೇಪರ್ ಟೌನ್, ಜನ್ನಾಪುರ, ಹಳೇನಗರದ ಶಾಲೆಗಳಲ್ಲಿ ಒಂದೇ ಬೆಂಚಿನ ಮೇಲೆ ಮೂರು ನಾಲ್ಕು ಮನೆಮಾತಿನ ಮಕ್ಕಳು ಕೂತು ಇಂಗ್ಲಿಷ್ ಕಲಿತಿದ್ದಾರೆ. ಮನೆಮಾತು ಬೇರೆಯಾದರೂ ಇವರೆಲ್ಲ ಎಡವಿದ್ದು ಹೆಚ್ಚುಕಡಿಮೆ ಅದೇ ಮೂರು ಜಾಗಗಳಲ್ಲಿ.

ಈ ಲೇಖನದ ವಾದ ಇಷ್ಟು. ಈ ತಪ್ಪುಗಳು ಹುಟ್ಟುವುದು ಮಗುವಿಗೆ ವ್ಯಾಕರಣ ಗೊತ್ತಿಲ್ಲದ್ದರಿಂದ ಎನ್ನುವುದು ಸರಿಯಲ್ಲ. ಮಗುವಿಗೆ ಬಹಳ ಚೆನ್ನಾಗಿ ಗೊತ್ತಿರುವ ಇನ್ನೊಂದು ವ್ಯಾಕರಣ ಅಲ್ಲಿ ಕೆಲಸ ಮಾಡಿರುತ್ತದೆ. ಆ ವ್ಯಾಕರಣವನ್ನು ಮೇಷ್ಟ್ರು ಗುರುತಿಸಿ ಮಗುವಿನ ಮುಂದೆ ಹರವಿದರೆ ತಿದ್ದುವ ಕೆಲಸ ಅರ್ಧ ಮುಗಿದಂತೆ.

ಈವರೆಗಿನ ವಾದಗಳು

ಈ ವಿಷಯದ ಮೇಲೆ ಭಾಷಾಪಂಡಿತರು ಸಾಕಷ್ಟು ಯೋಚಿಸಿದ್ದಾರೆ. ಅಮೆರಿಕದ ರಾಬರ್ಟ್ ಲ್ಯಾಡೊ 1957ರಲ್ಲಿ ಒಂದು ಸರಳ ಸೂತ್ರ ಮುಂದಿಟ್ಟ: ಕಲಿಯುವವನ ಮಾತೃಭಾಷೆಯೂ ಕಲಿಯಬೇಕಾದ ಭಾಷೆಯೂ ಎಲ್ಲಿ ಹೋಲುತ್ತವೋ ಅಲ್ಲಿ ಕಲಿಕೆ ಸಲೀಸು, ಎಲ್ಲಿ ಬೇರೆಯಾಗುತ್ತವೋ ಅಲ್ಲಿ ತೊಡಕು. ಹತ್ತು ವರ್ಷಗಳ ನಂತರ, 1967ರಲ್ಲಿ, ಬ್ರಿಟನ್ನಿನ ಪಿಟ್ ಕಾರ್ಡರ್ ಇನ್ನೂ ಮುಂದೆ ಹೋದ. ತಪ್ಪು ಎನ್ನುವುದು ಅಳಿಸಿಹಾಕಬೇಕಾದ ಕೊಳೆಯಲ್ಲ, ಕಲಿಯುವವನ ತಲೆಯಲ್ಲಿ ಈ ಹೊತ್ತು ಯಾವ ನಿಯಮ ಓಡುತ್ತಿದೆ ಎಂಬುದಕ್ಕೆ ಸಾಕ್ಷಿ ಎಂದ. 1972ರಲ್ಲಿ ಲ್ಯಾರಿ ಸೆಲಿಂಕರ್ ಈ ನಡುವಿನ ಸ್ಥಿತಿಗೆ ‘ಇಂಟರ್‌ಲ್ಯಾಂಗ್ವೇಜ್’ ಎಂಬ ಹೆಸರು ಕೊಟ್ಟ. ಅದು ಪೂರ್ತಿ ಮಾತೃಭಾಷೆಯೂ ಅಲ್ಲ, ಪೂರ್ತಿ ಹೊಸ ಭಾಷೆಯೂ ಅಲ್ಲ. ಅದಕ್ಕೂ ತನ್ನದೇ ಆದ ನಿಯಮಗಳಿವೆ.

ಪಾಠ ಮಾಡುವ ಕಡೆಯಿಂದ ನೋಡಿದರೆ ದೊಡ್ಡ ಕೆಲಸ ಎ.ಎಸ್. ಹಾರ್ನ್‌ಬಿಯದು. ಜಪಾನಿನಲ್ಲಿ ವರ್ಷಗಟ್ಟಲೆ ಇಂಗ್ಲಿಷ್ ಕಲಿಸಿದ ಆತ, ಯಾವ ಕ್ರಿಯಾಪದದ ಮುಂದೆ ‘ಟು’ ಬರುತ್ತದೆ, ಯಾವುದರ ಮುಂದೆ ಸರ್ವನಾಮ ಸೇರಿ ‘ಟು’ ಬರುತ್ತದೆ, ಯಾವುದರ ಮುಂದೆ ಎರಡೂ ಬರುವುದಿಲ್ಲ ಎಂಬುದನ್ನು 25 ಮಾದರಿಗಳಾಗಿ ವಿಂಗಡಿಸಿದ. 1954ರಲ್ಲಿ ಬಂದ ಅವನ ಕೈಪಿಡಿಯೂ, ಆಕ್ಸ್‌ಫರ್ಡ್ ನಿಘಂಟಿನಲ್ಲಿ ಅವನು ಸೇರಿಸಿದ ಮಾದರಿ ಸಂಕೇತಗಳೂ ನಮ್ಮ ಮೇಷ್ಟ್ರುಗಳ ಕೈಗೆ ಬಂದವು. ಹೈದರಾಬಾದಿನಲ್ಲಿ 1958ರಲ್ಲಿ ಸೆಂಟ್ರಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್, ಬೆಂಗಳೂರಿನಲ್ಲಿ 1963ರಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಶುರುವಾದಾಗ ಮಾದರಿ ವಾಕ್ಯಗಳನ್ನು ಮತ್ತೆ ಮತ್ತೆ ಹೇಳಿಸುವ ಪದ್ಧತಿಗೆ ಒಳ್ಳೆಯ ಕಾಲ ನಡೆಯುತ್ತಿತ್ತು. ಇನ್ನೊಂದು ಕಡೆ 1930ರ ದಶಕದಿಂದ ಅಚ್ಚಿನಲ್ಲಿರುವ ರೆನ್ ಮತ್ತು ಮಾರ್ಟಿನ್ ವ್ಯಾಕರಣ ಇಂದಿಗೂ ಶಿವಮೊಗ್ಗದ ಪುಸ್ತಕದಂಗಡಿಯಲ್ಲಿ ಸಿಗುತ್ತದೆ.

ಇವೆಲ್ಲಕ್ಕೂ ಸವಾಲು ಹಾಕಿದ್ದು ಬೆಂಗಳೂರಿನದೇ ಪ್ರಯೋಗ. ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಬೆಂಬಲದಿಂದ ಎನ್.ಎಸ್. ಪ್ರಭು 1979ರಿಂದ 1984ರವರೆಗೆ ಒಂದು ಯೋಜನೆ ನಡೆಸಿದರು. ಲೋಕದ ಭಾಷಾಬೋಧಕರು ಅದನ್ನು ‘ಬ್ಯಾಂಗಲೋರ್ ಪ್ರಾಜೆಕ್ಟ್’ ಎಂದೇ ಕರೆಯುತ್ತಾರೆ. ವ್ಯಾಕರಣವನ್ನು ವಿವರಿಸಬೇಡಿ, ನಕ್ಷೆ ಓದುವ, ರೈಲಿನ ವೇಳಾಪಟ್ಟಿಯಿಂದ ಉತ್ತರ ಹುಡುಕುವ ಕೆಲಸ ಕೊಡಿ, ಅರ್ಥದ ಮೇಲೆ ಮನಸ್ಸು ನೆಟ್ಟಾಗ ವ್ಯಾಕರಣ ತಾನಾಗಿ ಒಳಗಿಳಿಯುತ್ತದೆ ಎಂಬುದು ಪ್ರಭು ಅವರ ನಂಬಿಕೆ. ಅವರ ಪುಸ್ತಕ 1987ರಲ್ಲಿ ಬಂತು. ಅವರ ಮಾತಿನಲ್ಲಿ ಸತ್ವವಿದೆ. ಆದರೆ ಆ ಪ್ರಯೋಗದಲ್ಲಿ ಪಾಠ ಮಾಡಿದವರಿಗೆ ತರಗತಿಯಲ್ಲಿ ಇಂಗ್ಲಿಷಿನಲ್ಲಿ ಧಾರಾಳವಾಗಿ ಮಾತಾಡುವ ಶಕ್ತಿ ಬೇಕಿತ್ತು. ವಾರದ ಕೆಲವೇ ತಾಸುಗಳಲ್ಲಿ ಇಂಗ್ಲಿಷ್ ಕೇಳುವ ಮಗುವಿಗೆ ತಾನಾಗಿ ಇಳಿಯುವಷ್ಟು ಇಂಗ್ಲಿಷ್ ಕಿವಿಗೆ ಬೀಳುವುದೇ ಕಷ್ಟ. ಅಲ್ಲಿ ಅದರ ಕೈಯಲ್ಲಿರುವ ಕನ್ನಡವನ್ನೇ ಹಿಡಿದು ಮುಂದೆ ಹೋಗುವುದು ಜಾಣತನ. ಹೇಗೆಂದು ಒಂದೊಂದಾಗಿ ನೋಡಬಹುದು.

‘ಟು’ ಮತ್ತು ‘ಕ್ಕೆ’

ಎರಡು ಭಾಷೆಗಳು ಇಲ್ಲಿ ಅಚ್ಚರಿಯಾಗುವಷ್ಟು ಹತ್ತಿರ ಬರುತ್ತವೆ. ಹಳೆಯ ಇಂಗ್ಲಿಷಿನಲ್ಲಿ ‘ಟು’ ಎನ್ನುವುದು ದಿಕ್ಕನ್ನೂ ಗುರಿಯನ್ನೂ ತೋರಿಸುವ ಪದವಾಗಿತ್ತು. ಅದರ ಮುಂದೆ ಕ್ರಿಯಾಪದದ ನಾಮರೂಪ ಚತುರ್ಥಿ ವಿಭಕ್ತಿಯಲ್ಲಿ ಬರುತ್ತಿತ್ತು. ಕಾಲಕ್ರಮದಲ್ಲಿ ವಿಭಕ್ತಿ ಸವೆದು ‘ಟು’ ಮಾತ್ರ ಉಳಿಯಿತು. ನಮ್ಮ ‘ಓದಲಿಕ್ಕೆ’, ‘ಓದುವುದಕ್ಕೆ’, ಶಿವಮೊಗ್ಗದ ಕಡೆಯ ಆಡುಮಾತಿನ ‘ಓದಕ್ಕೆ’, ಮೈಸೂರು ಕಡೆಯ ‘ಓದೋಕೆ’ ಇವುಗಳ ತುದಿಯಲ್ಲಿ ಇರುವುದೂ ಅದೇ ಚತುರ್ಥಿಯ ಪ್ರತ್ಯಯ. ಹಾಗಾಗಿ ‘ನಾನು ಓದಕ್ಕೆ ಬಂದೆ’ ಎನ್ನುವ ಮಗುವಿಗೆ ‘ಐ ಕೇಮ್ ಟು ರೀಡ್’ ಕಷ್ಟವಾಗುವುದಿಲ್ಲ. ಉದ್ದೇಶ ಹೇಳುವ ವಾಕ್ಯಗಳಲ್ಲಿ ತಪ್ಪು ಕಡಿಮೆ.

ಹೋಲಿಕೆ ಇಷ್ಟಕ್ಕೇ ನಿಲ್ಲುವುದಿಲ್ಲ. ‘ಅವನು ಮಾತಾಡೋದು ನಿಲ್ಲಿಸಿದ’, ‘ಅವನು ಮಾತಾಡಕ್ಕೆ ನಿಂತ’ ಎಂಬ ಎರಡು ವಾಕ್ಯಗಳ ವ್ಯತ್ಯಾಸ ಐದು ವರ್ಷದ ಮಗುವಿಗೂ ಗೊತ್ತು. ಇಂಗ್ಲಿಷಿನ ‘ಸ್ಟಾಪ್ಡ್ ಟಾಕಿಂಗ್’, ‘ಸ್ಟಾಪ್ಡ್ ಟು ಟಾಕ್’ ಇವುಗಳ ನಡುವಿನ ವ್ಯತ್ಯಾಸ ಇದೇ. ‘ಓದು’ವ ಮುಂದೆ ‘ವುದು’ ಬಂದಲ್ಲಿ ‘ಇಂಗ್’, ‘ಕ್ಕೆ’ ಬಂದಲ್ಲಿ ‘ಟು’ ಎಂಬ ಕೈಮರ ಎಲ್ಲ ಕಡೆಯೂ ಸರಿದಾರಿ ತೋರಿಸದಿದ್ದರೂ ಬಹಳಷ್ಟು ಕಡೆ ತೋರಿಸುತ್ತದೆ. ‘ಐ ಎಂಜಾಯ್ ಟು ರೀಡ್’ ಎಂದು ಬರೆಯುವ ಮಗುವಿಗೆ ‘ಓದೋದನ್ನ ಆನಂದಿಸ್ತೀನಿ ಅನ್ನುತ್ತೀಯೋ, ಓದಕ್ಕೆ ಆನಂದಿಸ್ತೀನಿ ಅನ್ನುತ್ತೀಯೋ’ ಎಂದು ಕೇಳಿದರೆ ಸಾಕು. ಉತ್ತರ ಅದೇ ಹೇಳುತ್ತದೆ.

‘ಟು’ ಬೇಡವಾದ ಕಡೆಯೂ ಕನ್ನಡ ನೆರವಿಗೆ ಬರುತ್ತದೆ. ‘ಹೋಗಬೇಕು’, ‘ಹೋಗಬಹುದು’, ‘ಹೋಗಬಾರದು’ ಎನ್ನುವಾಗ ನಾವು ‘ಲು’ ಆಗಲಿ ‘ಕ್ಕೆ’ ಆಗಲಿ ಸೇರಿಸುವುದಿಲ್ಲ. ‘ಮಸ್ಟ್ ಗೋ’, ‘ಮೇ ಗೋ’ ಎನ್ನುವಾಗ ಇಂಗ್ಲಿಷಿನವರೂ ‘ಟು’ ಸೇರಿಸುವುದಿಲ್ಲ. ‘ಲೆಟ್ ಹಿಮ್ ಗೋ’ ಕೂಡ ಹಾಗೆಯೇ. ಬರಹದ ಕನ್ನಡದಲ್ಲಿ ‘ಅವನನ್ನು ಹೋಗಬಿಡಿ’ ಎನ್ನುತ್ತೇವೆ, ಎರಡೂ ಭಾಷೆಯಲ್ಲಿ ಬರಿಯ ಕ್ರಿಯಾರೂಪ. ಆದರೆ ಮಗುವಿನ ಬಾಯಲ್ಲಿರುವುದು ‘ಅವನನ್ನ ಹೋಗಕ್ಕೆ ಬಿಡಿ’. ಆ ‘ಕ್ಕೆ’ ಇಂಗ್ಲಿಷಿಗೆ ದಾಟಿ ‘ಲೆಟ್ ಹಿಮ್ ಟು ಗೋ’ ಆಗುತ್ತದೆ. ತಪ್ಪು ಎಲ್ಲಿಂದ ಬಂತು ಎಂದು ತಿಳಿದ ಮೇಷ್ಟ್ರು ‘ಹೋಗಬಿಡಿ’ ಎಂಬ ರೂಪವನ್ನು ನೆನಪಿಸಿ ಅದನ್ನು ತಿದ್ದಬಲ್ಲರು.

ನಿಜವಾದ ತೊಡಕು ಇರುವುದು ಕ್ರಿಯಾಪದಕ್ಕೂ ‘ಟು’ ರೂಪಕ್ಕೂ ನಡುವೆ ಸರ್ವನಾಮ ಬಂದಾಗ. ‘ಅವನು ಬರಬೇಕು ಅಂತ ನನಗೆ ಆಸೆ’ ಎಂಬಲ್ಲಿ ನಮ್ಮದು ಎರಡು ಪೂರ್ತಿ ವಾಕ್ಯ, ನಡುವೆ ‘ಅಂತ’ ಎಂಬ ಕೊಂಡಿ. ‘ಅವನು’ ತನ್ನ ವಾಕ್ಯದಲ್ಲಿ ಕರ್ತೃ. ಇಂಗ್ಲಿಷ್ ಈ ಎರಡನ್ನೂ ಒತ್ತಿ ಒಂದು ಮಾಡಿ, ಆ ಕರ್ತೃವನ್ನು ಕರ್ಮದ ರೂಪಕ್ಕೆ ಇಳಿಸಿ ‘ಐ ವಾಂಟ್ ಹಿಮ್ ಟು ಕಮ್’ ಎನ್ನುತ್ತದೆ. ನಮ್ಮ ಮಗು ‘ಅಂತ’ವನ್ನು ಬಿಡಲೊಲ್ಲದೆ ‘ಐ ವಾಂಟ್ ದಟ್ ಹಿ ಶುಡ್ ಕಮ್’ ಎಂದು ಬರೆಯುತ್ತದೆ. ಇದು ಭಾರತದ ಇಂಗ್ಲಿಷಿನಲ್ಲಿ ದೊಡ್ಡವರ ಬಾಯಲ್ಲೂ ಇರುವ ರೂಢಿ. ‘ಅವನಿಗೆ ಬರಕ್ಕೆ ಹೇಳಿದೆ’ ಎನ್ನುವಾಗ ‘ಅವನಿಗೆ’ಯ ‘ಗೆ’ ಒಂದು ‘ಟು’, ‘ಬರಕ್ಕೆ’ಯ ‘ಕ್ಕೆ’ ಇನ್ನೊಂದು ‘ಟು’. ಎರಡನ್ನೂ ನಿಷ್ಠೆಯಿಂದ ದಾಟಿಸಿದ ಮಗು ‘ಟೋಲ್ಡ್ ಟು ಹಿಮ್ ಟು ಕಮ್’ ಎಂದಿತು. ‘ಅವನಿಂದ ಮಾಡಿಸಿದೆ’ ಎಂಬುದು ‘ಗಾಟ್ ಇಟ್ ಡನ್ ಫ್ರಮ್ ಹಿಮ್’ ಆಗುವುದೂ ಇದೇ ನಿಷ್ಠೆಯಿಂದ.

ಎಸ್‌ಎಸ್‌ಎಲ್‌ಸಿ ಮಕ್ಕಳಿಗೆ ಪರಿಚಿತವಾದ ‘ಟೂ–ಟು’ ಜೋಡಿಯಲ್ಲಿ ಇನ್ನೊಂದು ಬಗೆಯ ಅಂತರವಿದೆ. ‘ಅವನು ನಡೆಯಲಾರದಷ್ಟು ದಣಿದಿದ್ದಾನೆ’ ಎನ್ನುವಾಗ ಕನ್ನಡ ನಿಷೇಧವನ್ನು ಬಾಯಿಬಿಟ್ಟು ಹೇಳುತ್ತದೆ. ‘ಟೂ ಟೈರ್ಡ್ ಟು ವಾಕ್’ನಲ್ಲಿ ನಿಷೇಧ ‘ಟೂ’ದ ಒಳಗೇ ಅಡಗಿದೆ. ಅದು ಕಾಣದ ಮಗು ‘ನಾಟ್’ ಒಂದನ್ನು ಹೊರಗಿನಿಂದ ತಂದು ಸೇರಿಸುತ್ತದೆ. ಇಲ್ಲವೇ ‘ಟೂ’ ಎಂದರೆ ‘ತುಂಬಾ’ ಎಂದುಕೊಂಡು ಮೆಚ್ಚುಗೆಯ ಮಾತಿಗೂ ಅದನ್ನೇ ಬಳಸುತ್ತದೆ. ‘ಲಾರದಷ್ಟು’ ಎಂಬ ರೂಪವನ್ನು ಪಕ್ಕದಲ್ಲಿಟ್ಟು ತೋರಿಸಿದರೆ ಎರಡು ತಪ್ಪೂ ಒಟ್ಟಿಗೆ ಹೋಗುತ್ತವೆ.

ಹೇಳದೆ ಬಿಡುವ ಸರ್ವನಾಮ

‘ಬಂದೆ’, ‘ಬಂದಳು’, ‘ಬಂದೆವು’ ಎನ್ನುವಾಗ ಯಾರು ಬಂದದ್ದು ಎಂದು ಕ್ರಿಯಾಪದವೇ ಹೇಳಿಬಿಡುತ್ತದೆ. ಸರ್ವನಾಮ ಬೇಕಾದರೆ ಉಂಟು, ಬೇಡವಾದರೆ ಇಲ್ಲ. ಇಂಗ್ಲಿಷಿನ ‘ಕೇಮ್’ ಏನನ್ನೂ ಹೇಳುವುದಿಲ್ಲವಾದ್ದರಿಂದ ಅಲ್ಲಿ ಕರ್ತೃವಿನ ಜಾಗ ಖಾಲಿ ಬಿಡುವಂತಿಲ್ಲ. ಹೇಳಲು ಯಾರೂ ಇಲ್ಲದಿದ್ದರೂ ‘ಇಟ್’ ಎಂಬುದನ್ನು ತಂದು ಕೂರಿಸಬೇಕು. ಮಲೆನಾಡಿನ ಅಂಚಿನ ಈ ಊರಿನಲ್ಲಿ ವರ್ಷದ ನಾಲ್ಕು ತಿಂಗಳು ಎಲ್ಲರ ಬಾಯಲ್ಲಿರುವ ವಾಕ್ಯ ‘ಮಳೆ ಬರ್ತಿದೆ’. ಇದರಲ್ಲಿ ಮಳೆಯೇ ಕರ್ತೃ, ಅದೇ ಬರುತ್ತದೆ. ‘ರೈನ್ ಈಸ್ ಕಮಿಂಗ್’ ಎಂದು ಬರೆದ ಮಗು ಕನ್ನಡದ ಲೆಕ್ಕದಲ್ಲಿ ಒಂದು ಅಕ್ಷರವೂ ತಪ್ಪು ಮಾಡಿಲ್ಲ. ‘ಇಟ್ ಈಸ್ ಈಸಿ ಟು ರೀಡ್’ನ ‘ಇಟ್’ ಕೂಡ ಅಂಥದೇ ಭರ್ತಿಯ ಸರ್ವನಾಮ. ‘ಓದೋದು ಸುಲಭ’ ಎಂಬಲ್ಲಿ ಅದಕ್ಕೆ ಸಮನಾದದ್ದು ಏನೂ ಇಲ್ಲ.

ಸರ್ವನಾಮಗಳ ವಿಚಾರದಲ್ಲಿ ಲೋಕದ ಭಾಷೆಗಳನ್ನೆಲ್ಲ ಮುಂದಿಟ್ಟುಕೊಂಡು ಯೋಚಿಸಿದವರಲ್ಲಿ ಒಬ್ಬರು ಕನ್ನಡಿಗರೇ. ಡಿ.ಎನ್. ಶಂಕರ ಭಟ್ಟರು 2004ರಲ್ಲಿ ಸರ್ವನಾಮಗಳ ಮೇಲೆ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಪ್ರಕಾಶನಕ್ಕಾಗಿ ಇಂಗ್ಲಿಷಿನಲ್ಲಿ ಒಂದು ಗ್ರಂಥ ಬರೆದರು. ‘ನಾನು’, ‘ನೀನು’ ಒಂದು ಜಾತಿ, ‘ಅವನು’, ‘ಅವಳು’ ಇನ್ನೊಂದು ಜಾತಿ ಎಂದು ಅಲ್ಲಿ ಅವರು ವಿಂಗಡಿಸುತ್ತಾರೆ. ಕನ್ನಡದ ‘ಇವನು–ಅವನು–ಯಾವನು’ ಎಂಬ ಸಾಲು ‘ಈ–ಆ–ಯಾವ’ ಎಂಬ ತೋರುಪದಗಳ ಮೇಲೆ ಕಟ್ಟಿದ್ದು. ಕಣ್ಣೆದುರು ಇರುವವನು ‘ಇವನು’, ದೂರದವನು ‘ಅವನು’. ಇಂಗ್ಲಿಷಿನ ‘ಹಿ’ಗೆ ಹತ್ತಿರ ದೂರದ ಪರಿವೆಯಿಲ್ಲ. ಮಗು ಪಕ್ಕದಲ್ಲಿ ನಿಂತ ಗೆಳೆಯನನ್ನು ತೋರಿಸಿ ‘ದಿಸ್ ಟುಕ್ ಮೈ ಪೆನ್’ ಎನ್ನುವುದು ‘ಇವನು’ ಎಂಬುದರ ಕಡೆಯಿಂದ. ಮೇಷ್ಟ್ರ ವಿಷಯ ಬಂದಾಗ ‘ದೇ ಆರ್ ಕಮಿಂಗ್’ ಎನ್ನುವುದು ‘ಅವರು’ ಎಂಬ ಗೌರವದ ಕಡೆಯಿಂದ. ಗೌರವಿಸಲು ಕಲಿತ ಮಗುವಿಗೆ ಗುರುವನ್ನು ‘ಹಿ’ ಎನ್ನುವುದು ಒರಟಾಗಿ ಕೇಳಿಸುತ್ತದೆ. ಅದನ್ನು ತಿದ್ದುವ ಮೊದಲು ಆ ಮರ್ಯಾದೆ ಎಲ್ಲಿಂದ ಬಂತು ಎಂದು ಮೆಚ್ಚಿ ಹೇಳಬೇಕು.

ಕನ್ನಡ ಇಂಗ್ಲಿಷಿಗಿಂತ ಸ್ಪಷ್ಟವಾಗಿರುವ ಜಾಗವನ್ನೂ ಮಕ್ಕಳಿಗೆ ತೋರಿಸಬೇಕು. ‘ತಾನು ಬರುತ್ತೇನೆ ಅಂತ ರಾಮ ಹೇಳಿದ’, ‘ಅವನು ಬರುತ್ತಾನೆ ಅಂತ ರಾಮ ಹೇಳಿದ’ ಎಂಬಲ್ಲಿ ಬರುವವನು ಯಾರು ಎಂಬ ಅನುಮಾನವೇ ಇಲ್ಲ. ನಮ್ಮ ಶಾಲಾ ವ್ಯಾಕರಣ ‘ಆತ್ಮಾರ್ಥಕ ಸರ್ವನಾಮ’ ಎನ್ನುವ ‘ತಾನು’ ಅಷ್ಟು ಕೆಲಸ ಮಾಡುತ್ತದೆ. ‘ರಾಮ ಸೆಡ್ ಹಿ ವುಡ್ ಕಮ್’ನ ‘ಹಿ’ ರಾಮನೂ ಆಗಬಹುದು, ಬೇರೊಬ್ಬನೂ ಆಗಬಹುದು. ಒಂದು ಭಾಷೆ ಪೂರ್ಣ, ಇನ್ನೊಂದು ಕೊರತೆಯದು ಎಂಬ ಭಾವನೆ ಮಗುವಿನ ಮನಸ್ಸಿನಿಂದ ಹೋಗಲು ಇಂಥ ಉದಾಹರಣೆಗಳು ಬೇಕು.

ಸರ್ವನಾಮವೂ ‘ಟು’ ರೂಪವೂ ಗುಣವಾಚಕವೂ ಒಂದೇ ವಾಕ್ಯದಲ್ಲಿ ಸೇರುವ ಎರಡು ಮಾದರಿಗಳಿವೆ: ‘ಇಟ್ ಈಸ್ ಈಸಿ ಫಾರ್ ಮಿ ಟು ರೀಡ್’, ‘ಇಟ್ ಈಸ್ ಕೈಂಡ್ ಆಫ್ ಯೂ ಟು ಕಮ್’. ಯಾವಾಗ ‘ಫಾರ್’, ಯಾವಾಗ ‘ಆಫ್’ ಎಂಬುದು ಪದವಿ ತರಗತಿಯಲ್ಲೂ ಗೊಂದಲ. ವಿಭಕ್ತಿ ಬಲ್ಲವರಿಗೆ ಗೊಂದಲವಿಲ್ಲ. ‘ಓದೋದು ನನಗೆ ಸುಲಭ’ ಎಂಬಲ್ಲಿ ಚತುರ್ಥಿ, ಅದಕ್ಕೆ ‘ಫಾರ್’. ‘ಅಷ್ಟು ದೂರದಿಂದ ಬಂದದ್ದು ನಿಮ್ಮ ದೊಡ್ಡ ಗುಣ’ ಎಂಬಲ್ಲಿ ಷಷ್ಠಿ, ಅದಕ್ಕೆ ‘ಆಫ್’. ಕೆಲಸ ಒಬ್ಬರಿಗೆ ಹೇಗಿದೆ ಎಂದು ಹೇಳುವ ಗುಣವಾಚಕ ಮೊದಲ ಗುಂಪಿನದು, ಕೆಲಸ ಮಾಡಿದವರ ಸ್ವಭಾವವನ್ನೇ ಹೇಳುವ ಗುಣವಾಚಕ ಎರಡನೆಯದು.

ದಣಿದವರು, ದಣಿಸುವ ಕೆಲಸ

ಮೂರನೆಯ ತೊಡಕಿನ ಬಳಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು. ‘ಟೈರ್ಡ್–ಟೈರಿಂಗ್’, ‘ಫ್ರೈಟನ್ಡ್–ಫ್ರೈಟನಿಂಗ್’, ‘ಕನ್‌ಫ್ಯೂಸ್ಡ್–ಕನ್‌ಫ್ಯೂಸಿಂಗ್’ ಎಂಬ ಜೋಡಿಗಳಲ್ಲಿ ಮೊದಲನೆಯದು ಅನುಭವಿಸುವವರದು, ಎರಡನೆಯದು ಅನುಭವ ಉಂಟುಮಾಡುವುದರದು. ತಪ್ಪು ಏಕೆ ಹುಟ್ಟುತ್ತದೆ ಎಂಬುದು ‘ನಂಗೆ ಬೋರಾಗ್ತಿದೆ’ ಎಂಬ ವಾಕ್ಯದಲ್ಲೇ ಇದೆ. ಇಂಗ್ಲಿಷಿನಿಂದ ‘ಬೋರ್’ ಎಂಬ ಪದ ತಂದುಕೊಂಡೆವು, ಆದರೆ ಅದನ್ನು ಕನ್ನಡದ ಕಟ್ಟಿಗೆ ಕಟ್ಟಿದೆವು. ಬೇಸರ, ಹಸಿವು, ಭಯ, ಖುಷಿ ಇವೆಲ್ಲ ನಮ್ಮಲ್ಲಿ ‘ನನಗೆ’ ಆಗುವಂಥವು. ‘ನಾನು’ ಅಲ್ಲಿ ಕರ್ತೃವಲ್ಲ. ‘ಪಾಠ ಬೋರು’, ‘ನಂಗೆ ಬೋರು’ ಎಂಬ ಎರಡು ಕಡೆಯೂ ಪದ ಒಂದೇ, ವಿಭಕ್ತಿ ಮಾತ್ರ ವ್ಯತ್ಯಾಸ ಹೇಳುತ್ತದೆ. ವಿಭಕ್ತಿಯಿಲ್ಲದ ಇಂಗ್ಲಿಷಿಗೆ ದಾಟಿದ ಕೂಡಲೇ ಆ ವ್ಯತ್ಯಾಸ ಕಳಚಿ ಬೀಳುತ್ತದೆ.

ಹಾಗಾದರೆ ಈ ಜೋಡಿಯನ್ನು ಹೇಳುವ ಶಕ್ತಿ ಕನ್ನಡಕ್ಕಿಲ್ಲವೇ? ಧಾರಾಳವಾಗಿ ಇದೆ, ಬೇರೆ ಬಾಗಿಲಿನಲ್ಲಿ ಇದೆ. ‘ಇಸು’ ಎಂಬ ಪ್ರೇರಣಾರ್ಥಕ ಪ್ರತ್ಯಯವನ್ನು ನೆನಪು ಮಾಡಿಕೊಳ್ಳಿ. ‘ಹೆದರಿದ ಹುಡುಗ’, ‘ಹೆದರಿಸುವ ನಾಯಿ’. ‘ನೊಂದ ತಾಯಿ’, ‘ನೋಯಿಸುವ ಮಾತು’. ‘ಅಚ್ಚರಿಗೊಂಡ ಜನ’, ‘ಅಚ್ಚರಿಗೊಳಿಸುವ ಸುದ್ದಿ’. ‘ಗೊಂದಲಗೊಂಡ ವಿದ್ಯಾರ್ಥಿ’, ‘ಗೊಂದಲಗೊಳಿಸುವ ಪ್ರಶ್ನೆ’. ಕಾರ್ಖಾನೆಯ ಊರಿಗೆ ತೀರ ಹತ್ತಿರದ ಜೋಡಿ: ‘ದಣಿದ ಕಾರ್ಮಿಕ’, ‘ದಣಿಸುವ ಕೆಲಸ’. ರಾತ್ರಿ ಪಾಳಿ ಮುಗಿಸಿ ಬಂದ ಅಪ್ಪ ‘ದಣಿದ’ವನು, ಕುಲುಮೆಯ ಮುಂದಿನ ಪಾಳಿ ‘ದಣಿಸುವ’ಂಥದು. ಕಪ್ಪುಹಲಗೆಯ ಎಡಗಡೆ ‘ದಣಿದ’, ಅದರ ಕೆಳಗೆ ‘ಟೈರ್ಡ್’. ಬಲಗಡೆ ‘ದಣಿಸುವ’, ಅದರ ಕೆಳಗೆ ‘ಟೈರಿಂಗ್’. ‘ಇಸು’ ಬಂದಲ್ಲಿ ‘ಇಂಗ್’. ಒಂಬತ್ತನೇ ತರಗತಿಯ ಮಗು ಇದನ್ನು ಒಮ್ಮೆ ಕಂಡರೆ ಮುಂದಿನ ಹತ್ತು ಜೋಡಿಗಳನ್ನು ತಾನೇ ಕಟ್ಟುತ್ತದೆ. ‘ನಾನು ಬೇಸರಪಡಿಸುವವನೋ, ಬೇಸರಪಟ್ಟವನೋ’ ಎಂದು ತನ್ನನ್ನೇ ಕೇಳಿಕೊಂಡರೆ ‘ಐ ಆ್ಯಮ್ ಬೋರಿಂಗ್’ ಎಂದು ಬರೆಯುವ ಕೈ ತಡೆಯುತ್ತದೆ.

ಈ ಪಾಠಕ್ಕೆ ಪ್ರೌಢಶಾಲೆಯೇ ತಕ್ಕ ಕಾಲ ಎನ್ನುವುದಕ್ಕೂ ಆಧಾರವಿದೆ. ಜೆಫ್ರಿ ಲಿಡ್ಜ್ ಮತ್ತು ಸಂಗಡಿಗರು ಮೂರು ವರ್ಷದ ಆಸುಪಾ‌ಸಿನ ಕನ್ನಡ ಮಕ್ಕಳ ಮೇಲೆ ನಡೆಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನ ಲೋಕಪ್ರಸಿದ್ಧ. ಆ ವಯಸ್ಸಿನ ಮಕ್ಕಳು ವಾಕ್ಯದ ಅರ್ಥ ಹಿಡಿಯಲು ‘ಇಸು’ವಿಗಿಂತ ವಾಕ್ಯದಲ್ಲಿ ಎಷ್ಟು ನಾಮಪದಗಳಿವೆ ಎಂಬುದನ್ನು ಹೆಚ್ಚು ನೆಚ್ಚುತ್ತಾರೆ ಎಂದು ಅದು ತೋರಿಸಿತು. ‘ಇಸು’ ಪ್ರತ್ಯಯವನ್ನು ಸರಿಯಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದು ದೊಡ್ಡವರ ಲಕ್ಷಣ. ಹಾಗಾಗಿ ಈ ಕೀಲಿಯನ್ನು ಒಂದನೇ ತರಗತಿಯಲ್ಲಿ ಕೊಡುವುದು ವ್ಯರ್ಥ, ಎಂಟು ಒಂಬತ್ತರಲ್ಲಿ ಕೊಟ್ಟರೆ ಸಾರ್ಥಕ.

ಗುಣವಾಚಕದ ಜೊತೆಗೆ ‘ಟು’ ರೂಪ ಸೇರಿದಾಗ ಹುಟ್ಟುವ ಒಂದು ಜೋಡಿ ಭಾಷಾಶಾಸ್ತ್ರದಲ್ಲಿ ಬಹಳ ಹೆಸರಾಗಿದೆ. ‘ಜಾನ್ ಈಸ್ ಈಸಿ ಟು ಪ್ಲೀಸ್’, ‘ಜಾನ್ ಈಸ್ ಈಗರ್ ಟು ಪ್ಲೀಸ್’ ಎಂಬ ವಾಕ್ಯಗಳು ಮೇಲ್ನೋಟಕ್ಕೆ ಒಂದೇ ಅಚ್ಚಿನವು. ಮೊದಲನೆಯದರಲ್ಲಿ ಜಾನ್ ಮೆಚ್ಚಿಸಿಕೊಳ್ಳುವವನು, ಎರಡನೆಯದರಲ್ಲಿ ಮೆಚ್ಚಿಸಹೊರಟವನು. ನೋಮ್ ಚಾಮ್‌ಸ್ಕಿ 1960ರ ದಶಕದಲ್ಲಿ ಇದನ್ನು ಚರ್ಚೆಗೆ ತಂದರು. ಕ್ಯಾರಲ್ ಚಾಮ್‌ಸ್ಕಿ ಐದರಿಂದ ಹತ್ತು ವರ್ಷದ 40 ಮಕ್ಕಳ ಮುಂದೆ ಕಣ್ಣಿಗೆ ಬಟ್ಟೆ ಕಟ್ಟಿದ ಗೊಂಬೆಯೊಂದನ್ನು ಇಟ್ಟು, ಈ ಗೊಂಬೆ ‘ಈಸಿ ಟು ಸೀ’ಯೋ ‘ಹಾರ್ಡ್ ಟು ಸೀ’ಯೋ ಎಂದು ಕೇಳಿದರು. ಗೊಂಬೆಗೆ ಕಣ್ಣು ಕಟ್ಟಿದೆ, ಅದಕ್ಕೆ ನೋಡುವುದು ಕಷ್ಟ ಎಂದುಕೊಂಡು ಎಷ್ಟೋ ಚಿಕ್ಕ ಮಕ್ಕಳು ‘ಹಾರ್ಡ್’ ಎಂದರು. ಅವರೆಲ್ಲ ಇಂಗ್ಲಿಷ್ ಮನೆಮಾತಿನ ಮಕ್ಕಳು. ಆ ಅಧ್ಯಯನ 1969ರಲ್ಲಿ ಪ್ರಕಟವಾಯಿತು. ಕನ್ನಡದಲ್ಲಿ ಈ ಗೊಂದಲಕ್ಕೆ ಆಸ್ಪದವೇ ಇಲ್ಲ: ‘ಅವನನ್ನು ಮೆಚ್ಚಿಸುವುದು ಸುಲಭ’ ಎಂಬಲ್ಲಿ ದ್ವಿತೀಯಾ, ‘ಅವನಿಗೆ ಎಲ್ಲರನ್ನೂ ಮೆಚ್ಚಿಸುವ ಆತುರ’ ಎಂಬಲ್ಲಿ ಚತುರ್ಥಿ. ಇಂಗ್ಲಿಷರ ಮಕ್ಕಳೇ ವರ್ಷಗಟ್ಟಲೆ ತೆಗೆದುಕೊಳ್ಳುವ ಮಾದರಿಯನ್ನು ನಮ್ಮ ಮಕ್ಕಳು ವಿಭಕ್ತಿಯ ಬಲದಿಂದ ಬೇಗ ಹಿಡಿಯಬಲ್ಲರು.

ಎರಡು ಗುಣವಾಚಕಗಳು ಒಟ್ಟಿಗೆ ಬರುವಾಗಿನ ಕ್ರಮದಲ್ಲಿ ಹೆಚ್ಚಿನ ತೊಡಕಿಲ್ಲ. ‘ಎರಡು ದೊಡ್ಡ ಕರಿ ಎಮ್ಮೆ’ ಎಂಬ ಕ್ರಮದಲ್ಲೇ ‘ಟೂ ಬಿಗ್ ಬ್ಲ್ಯಾಕ್ ಬಫಲೋಸ್’ ಬರುತ್ತದೆ. ದ್ವಿರುಕ್ತಿಯೊಂದು ಮಾತ್ರ ಎಚ್ಚರ ಬೇಡುತ್ತದೆ. ‘ಬಿಸಿ ಬಿಸಿ ಕಾಫಿ’, ‘ಸಣ್ಣ ಸಣ್ಣ ಮನೆ’ ಎಂಬಲ್ಲಿನ ಒತ್ತು ಮತ್ತು ಬಹುತ್ವ ಇಂಗ್ಲಿಷಿನಲ್ಲಿ ಪದ ಎರಡು ಸಲ ಹೇಳಿದರೆ ಬರುವುದಿಲ್ಲ.

ಒಂದೇ ಬೆಂಚು, ಒಂದೇ ತಪ್ಪು

ಭದ್ರಾವತಿಯ ಬೆಂಚಿನ ಮಾತಿಗೆ ಮರಳೋಣ. ಹಸಿದ ಮಗು ಕನ್ನಡದಲ್ಲಿ ‘ನಂಗೆ ಹಸಿವಾಗಿದೆ’ ಎನ್ನುತ್ತದೆ. ತಮಿಳು ಮನೆಯಲ್ಲಿ ‘ಎನಕ್ಕು ಪಸಿಕ್ಕುದು’, ತೆಲುಗು ಮನೆಯಲ್ಲಿ ‘ನಾಕು ಆಕಲೇಸ್ತೋಂದಿ’, ಮಲಯಾಳ ಮನೆಯಲ್ಲಿ ‘ಎನಿಕ್ಕು ವಿಶಕ್ಕುನ್ನು’, ದಖನಿ ಉರ್ದುವಿನ ಮನೆಯಲ್ಲಿ ‘ಮೇರೆಕು ಭೂಕ್ ಲಗ್ರೀ’. ಐದರಲ್ಲೂ ಹಸಿದವರು ಚತುರ್ಥಿಯಲ್ಲಿದ್ದಾರೆ. ನಾಲ್ಕು ದ್ರಾವಿಡ ಭಾಷೆಗಳು ಹೀಗಿರುವುದು ಸಹಜ. ಬೇರೆ ಕುಲದ ಉರ್ದು ಕೂಡ ಹೀಗೇ ಇರುವುದಕ್ಕೆ ಕಾರಣ ನೆರೆಹೊರೆ. ಮರ್ರೆ ಎಮೆನೊ 1956ರಲ್ಲಿ ಭಾರತವನ್ನೇ ಒಂದು ಭಾಷಾವಲಯ ಎಂದು ಕರೆದದ್ದು ಇಂಥ ಹಂಚಿಕೆಗಳನ್ನು ಕಂಡು. 1971ರಲ್ಲಿ ಗಂಪರ್ಜ್ ಮತ್ತು ವಿಲ್ಸನ್ ಸಾಂಗ್ಲಿ ಜಿಲ್ಲೆಯ ಕುಪ್ವಾಡದಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ತಲೆಮಾರುಗಳ ಒಡನಾಟದಲ್ಲಿ ಪದಗಳನ್ನು ಬೇರೆ ಬೇರೆಯಾಗಿಯೇ ಉಳಿಸಿಕೊಂಡು ವಾಕ್ಯರಚನೆಯಲ್ಲಿ ಹತ್ತಿರ ಹತ್ತಿರ ಬಂದದ್ದನ್ನು ತೋರಿಸಿದರು. ನಮ್ಮದೇ ಜಿಲ್ಲೆಯ ಶಿಕಾರಿಪುರವನ್ನು ಹೆಸರಿನಲ್ಲಿ ಇಟ್ಟುಕೊಂಡಿರುವ ಎಸ್.ಎನ್. ಶ್ರೀಧರ್, ‘ನನಗೆ’ ಎಂಬ ಈ ಚತುರ್ಥಿಯ ಕರ್ತೃವಿನ ಮೇಲೆ 1979ರಲ್ಲಿ ಬರೆದ ಲೇಖನ ಕನ್ನಡವನ್ನು ಈ ಚರ್ಚೆಯ ನಡುಮನೆಗೆ ತಂದಿತು. ಅವರ ಕನ್ನಡ ವ್ಯಾಕರಣ 1990ರಲ್ಲಿ ಬಂತು. ಕನ್ನಡದ ಕೀಲಿಯಿಂದ ಕಲಿಸಿದರೆ ಬೇರೆ ಮನೆಮಾತಿನ ಮಕ್ಕಳಿಗೆ ಅನ್ಯಾಯವಾದೀತು ಎಂಬ ಅಳುಕಿಗೆ ಇದು ಉತ್ತರ. ಬೀಗ ಎಲ್ಲರದೂ ಒಂದೇ.

ಆಕ್ಷೇಪಗಳು

ಇಂಗ್ಲಿಷ್ ತರಗತಿಯಲ್ಲಿ ಕನ್ನಡ ಮಾತಾಡಿದರೆ ಇಂಗ್ಲಿಷ್ ಕೆಡುತ್ತದೆ ಎಂಬುದು ಮೊದಲ ಆಕ್ಷೇಪ. ಅನುವಾದವೇ ಪಾಠವಾದರೆ ಖಂಡಿತ ಕೆಡುತ್ತದೆ. ಇಲ್ಲಿ ಹೇಳುತ್ತಿರುವುದು ತಾಸಿನಲ್ಲಿ ಐದು ನಿಮಿಷ ಎರಡು ವ್ಯಾಕರಣಗಳನ್ನು ಪಕ್ಕಪಕ್ಕ ಇಡುವ ಮಾತು. ಉಳಿದ ಹೊತ್ತು ಇಂಗ್ಲಿಷೇ ಇರಲಿ, ಪ್ರಭು ಹೇಳಿದ ಬಗೆಯ ಕೆಲಸಗಳೇ ಇರಲಿ. ಎರಡೂ ಭಾಷೆಗಳನ್ನು ಒಟ್ಟಿಗೆ ಪ್ರೀತಿಸಿದವರ ದೊಡ್ಡ ಪರಂಪರೆ ನಮ್ಮದು. ಹೈದರಾಬಾದಿನ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾಗಿದ್ದ ವಿ.ಕೃ. ಗೋಕಾಕರೇ ಶಾಲೆಯಲ್ಲಿ ಕನ್ನಡದ ಸ್ಥಾನವನ್ನು ಕುರಿತ 1981ರ ವರದಿಯ ಹಿಂದಿದ್ದವರು. ಶಿವಮೊಗ್ಗ ಜಿಲ್ಲೆಯ ಯು.ಆರ್. ಅನಂತಮೂರ್ತಿ, ಪಿ. ಲಂಕೇಶ್ ಇಬ್ಬರೂ ಇಂಗ್ಲಿಷ್ ಮೇಷ್ಟ್ರುಗಳಾಗಿದ್ದು ಕನ್ನಡದಲ್ಲಿ ಬರೆದವರು.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿ. ಮಗುವಿಗೆ ಕನ್ನಡ ಬರುತ್ತದೆ, ಕನ್ನಡ ವ್ಯಾಕರಣ ಎಲ್ಲಿ ಬರುತ್ತದೆ? ಅದು ನಿಜ. ಕೇಶಿರಾಜ 1260ರ ಸುಮಾರಿಗೆ ‘ಶಬ್ದಮಣಿದರ್ಪಣ’ ಬರೆದಾಗ ಕವಿಗಳ ಜೀವಂತ ಪ್ರಯೋಗಗಳನ್ನು ಎತ್ತಿ ತೋರಿಸಿ ನಿಯಮ ಹೇಳಿದ. ಇಂದು ಶಾಲೆಯಲ್ಲಿ ಸಂಧಿ ಬಿಡಿಸು, ಸಮಾಸ ಹೆಸರಿಸು ಎಂಬಲ್ಲಿಗೆ ವ್ಯಾಕರಣ ಮುಗಿಯುತ್ತದೆ. ‘ಓದಕ್ಕೆ’ ಎಂಬ ತನ್ನ ಬಾಯಿಮಾತಿನ ರೂಪಕ್ಕೂ ಪುಸ್ತಕದ ‘ಕೃದಂತಾವ್ಯಯ’ಕ್ಕೂ ನಂಟಿದೆ ಎಂದು ಮಗುವಿಗೆ ಯಾರೂ ಹೇಳುವುದಿಲ್ಲ. ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕು ಎಂದು ಶಂಕರ ಭಟ್ಟರು ವಾದಿಸಿದ್ದರ ಅಗತ್ಯ ಇಂಗ್ಲಿಷ್ ತರಗತಿಯಲ್ಲೂ ಎದ್ದು ಕಾಣುತ್ತದೆ. 1817ರಲ್ಲಿ ವಿಲಿಯಂ ಕೇರಿ, 1820ರಲ್ಲಿ ಮೆಕೆರೆಲ್, 1903ರಲ್ಲಿ ಕಿಟ್ಟೆಲ್ ಇಂಗ್ಲಿಷ್ ಬಲ್ಲವರಿಗೆ ಕನ್ನಡ ಅರ್ಥವಾಗಲೆಂದು ವ್ಯಾಕರಣ ಬರೆದರು. ಓದುಗನಿಗೆ ಗೊತ್ತಿರುವ ಭಾಷೆಯಿಂದ ಗೊತ್ತಿಲ್ಲದ ಭಾಷೆಗೆ ದಾರಿ ಹಾಕಿದರು. ಅದೇ ದಾರಿಯಲ್ಲಿ ಈ ಕಡೆಯಿಂದ ಆ ಕಡೆಗೆ ನಡೆಯುವ ಕೆಲಸ ನಮ್ಮ ಶಾಲೆಗಳಲ್ಲಿ ಬಾಕಿಯಿದೆ.

ಮುಂದಿನ ಕೆಲಸ

ರಾಜ್ಯದ ಸರ್ಕಾರಿ ಶಾಲೆಗಳಲ್ಲಿ 2007ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂದಿದೆ. 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಆಂಗ್ಲ ಮಾಧ್ಯಮದ ವಿಭಾಗಗಳು ತೆರೆದವು. ಇಂಗ್ಲಿಷ್ ಎಷ್ಟು ಬೇಗ ಶುರುವಾಗಬೇಕು ಎಂಬ ಚರ್ಚೆ ನಮ್ಮಲ್ಲಿ ಸಾಕಷ್ಟು ಆಗಿದೆ. ಹೇಗೆ ಕಲಿಸಬೇಕು ಎಂಬ ಚರ್ಚೆ ಅದರ ಅರ್ಧದಷ್ಟೂ ಆಗಿಲ್ಲ.

ಮಾಡಬಹುದಾದ ಕೆಲಸಗಳು ದೊಡ್ಡ ಖರ್ಚಿನವಲ್ಲ. ಒಂದೇ ಶಾಲೆಯ ಕನ್ನಡ ಮೇಷ್ಟ್ರು ಮತ್ತು ಇಂಗ್ಲಿಷ್ ಮೇಷ್ಟ್ರು ತಿಂಗಳಿಗೊಮ್ಮೆ ಕೂತು ಮಕ್ಕಳ ಉತ್ತರಪತ್ರಿಕೆಗಳನ್ನು ಒಟ್ಟಿಗೆ ನೋಡಲಿ. ಪ್ರತಿ ತಪ್ಪಿನ ಪಕ್ಕದಲ್ಲಿ ಅದರ ಹಿಂದಿರುವ ಕನ್ನಡ ವಾಕ್ಯವನ್ನು ಬರೆಯಲಿ. ವಿಭಕ್ತಿ ಪಾಠವೂ ‘ಫಾರ್–ಆಫ್’ ಪಾಠವೂ, ‘ಇಸು’ವಿನ ಪಾಠವೂ ಜೋಡಿ ಗುಣವಾಚಕದ ಪಾಠವೂ ಒಂದೇ ವಾರದಲ್ಲಿ ಬರುವಂತೆ ಹೊಂದಿಸಲಿ. ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲೇ 1987ರಲ್ಲಿ ಸ್ಥಾಪನೆಯಾದ ಕುವೆಂಪು ವಿಶ್ವವಿದ್ಯಾಲಯವಿದೆ. ಅಲ್ಲಿ ಕನ್ನಡ ಓದುವವರೂ ಇಂಗ್ಲಿಷ್ ಓದುವವರೂ ಸೇರಿ ಈ ಸುತ್ತಿನ ಶಾಲೆಗಳ ಮಕ್ಕಳ ವಾಕ್ಯಗಳನ್ನು ಸಂಗ್ರಹಿಸಿ ವಿಂಗಡಿಸಿದರೆ, ಜಪಾನಿನ ವಿದ್ಯಾರ್ಥಿಗಳನ್ನು ನೋಡಿ ಹಾರ್ನ್‌ಬಿ ಮಾಡಿದಂಥ ಕೆಲಸ ಕನ್ನಡದ ಮಕ್ಕಳಿಗಾಗಿ ಆಗುತ್ತದೆ.

ಇದರ ಲಾಭ ಇಂಗ್ಲಿಷಿಗಷ್ಟೇ ಸೀಮಿತವಲ್ಲ. ತನ್ನ ‘ಹೋಗಕ್ಕೆ’, ‘ನಂಗೆ’, ‘ದಣಿಸುವ’ ಎಂಬ ಮಾತುಗಳಲ್ಲಿ ಇಷ್ಟು ಬಿಗಿಯಾದ ನಿಯಮ ಇದೆ ಎಂದು ಕಂಡುಕೊಂಡ ಮಗುವಿಗೆ ತನ್ನ ಭಾಷೆಯ ಮೇಲೆ ಗೌರವ ಬರುತ್ತದೆ, ಇಂಗ್ಲಿಷಿನ ಮೇಲಿನ ಅಂಜಿಕೆ ಹೋಗುತ್ತದೆ. ಈ ಎರಡೂ ಒಟ್ಟಿಗೆ ಆಗಬೇಕಾದರೆ ಇಂಗ್ಲಿಷ್ ಮೇಷ್ಟ್ರಿಗೆ ಕನ್ನಡ ವ್ಯಾಕರಣ ಚೆನ್ನಾಗಿ ಗೊತ್ತಿರಬೇಕು. ಶಿಕ್ಷಕರ ತರಬೇತಿಯಲ್ಲಿ ಅದಕ್ಕೊಂದು ಜಾಗ ಕೊಡುವುದು ಈಗ ಆಗಲೇಬೇಕಾದ ಕೆಲಸ.